ಮೆರವಣಿಗೆಯನ್ನು ರೇಸ್ ಎನ್ನಬೇಡಿ

ಫಾರ್ಮುಲಾ ಒನ್ ತನ್ನ ಸುವರ್ಣಯುಗದಲ್ಲಿದೆ ಎಂಬ ಮಾತನ್ನು ಈಗ ಹೆಚ್ಚು ಜನ ಪ್ರಶ್ನಿಸುವುದಿಲ್ಲ. ವರ್ಷಕ್ಕೆ 24 ರೇಸ್, ಮುಂಚಿತವಾಗಿಯೇ ಖಾಲಿಯಾಗುವ ಟಿಕೆಟ್, ನೆಟ್‌ಫ್ಲಿಕ್ಸ್ ಸರಣಿ, ಬ್ರಾಡ್ ಪಿಟ್ ನಟಿಸಿದ ಸಿನಿಮಾ, ಭಾನುವಾರ ಸಂಜೆ ಬೆಂಗಳೂರಿನ ಪಬ್‌ಗಳಲ್ಲಿ ದೊಡ್ಡ ಪರದೆ ಮುಂದೆ ಸೇರುವ ಯುವಜನ, ಇವೆಲ್ಲವನ್ನೂ ಸಾಕ್ಷಿಯಾಗಿ ಮುಂದಿಡುತ್ತಾರೆ. ಬೇಸರವಾಗುತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಉತ್ತರ ಸಿದ್ಧವಾಗಿರುತ್ತದೆ: ನಿಮಗೆ ವಯಸ್ಸಾಯಿತು, ಹಿಂದಿನದೆಲ್ಲ ಚಿನ್ನವಾಗಿ ಕಾಣುತ್ತಿದೆ. ಮೈಕೆಲ್ ಶುಮಾಕರ್ ಬೆನೆಟನ್ ತಂಡದ ಕಾರು ಓಡಿಸುತ್ತಿದ್ದ ಕಾಲದಿಂದ ಈ ಕ್ರೀಡೆಯ ಬೆನ್ನುಬಿದ್ದಿರುವ ನಾನು ಈ ಉತ್ತರವನ್ನು ಒಪ್ಪುವುದಿಲ್ಲ. ಜನ ಸೇರುವುದು ಬೇರೆ, ರೇಸ್ ಚೆನ್ನಾಗಿರುವುದು ಬೇರೆ. ಮೊದಲನೆಯದು ಹೆಚ್ಚಿದೆ, ಎರಡನೆಯದು ವರ್ಷದಿಂದ ವರ್ಷಕ್ಕೆ ಕೆಟ್ಟಿದೆ. ಕೆಟ್ಟದ್ದಕ್ಕೆ ಕಾರಣಗಳಿವೆ. ಅವು ಆಕಾಶದಿಂದ ಉದುರಿದವಲ್ಲ, ನಿಯಮಾವಳಿಯಲ್ಲಿ ಮನುಷ್ಯರೇ ಕೂತು ಬರೆದವು.

ಜಪಾನಿನ ಸುಜುಕಾ ಟ್ರ್ಯಾಕನ್ನೇ ತೆಗೆದುಕೊಳ್ಳಿ. ಎಂಟರ ಅಂಕಿಯಂತೆ ತನ್ನನ್ನೇ ತಾನು ದಾಟಿ ಹೋಗುವ, 5.8 ಕಿಲೋಮೀಟರ್ ಉದ್ದದ ಈ ಟ್ರ್ಯಾಕನ್ನು ಮೆಚ್ಚದ ಚಾಲಕರು ವಿರಳ. 2005ರ ಅಕ್ಟೋಬರ್‌ನಲ್ಲಿ ಅಲ್ಲಿ ಅರ್ಹತಾ ಸುತ್ತಿನ ನಡುವೆ ಮಳೆ ಬಂದು ಕ್ರಮವೆಲ್ಲ ತಲೆಕೆಳಗಾಯಿತು. ಶುಮಾಕರ್ 14ನೇ, ಫರ್ನಾಂಡೊ ಅಲೊನ್ಸೊ 16ನೇ, ಕಿಮಿ ರೈಕೊನೆನ್ 17ನೇ ಸ್ಥಾನದಿಂದ ಹೊರಟರು. ಮರುದಿನ ಒಣ ಟ್ರ್ಯಾಕ್ ಮೇಲೆ ಈ ಮೂವರೂ ಒಬ್ಬೊಬ್ಬರನ್ನೇ ದಾಟಿಕೊಂಡು ಮುಂದೆ ಬಂದರು. 130ಆರ್ ಎಂಬ ತಿರುವಿನಲ್ಲಿ, ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ, ಅಲೊನ್ಸೊ ಹೊರಬದಿಯಿಂದ ಶುಮಾಕರ್ ಅವರನ್ನು ಹಿಂದಿಕ್ಕಿದರು. ಎದುರಿಗಿದ್ದವರು ಏಳು ಸಲದ ವಿಶ್ವ ಚಾಂಪಿಯನ್, ಜಾಗ ಬಿಟ್ಟುಕೊಡುವ ಮನುಷ್ಯನೇ ಅಲ್ಲ. ಕೊನೆಯ ಸುತ್ತು ಶುರುವಾಗುವಾಗ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮುಂದಿದ್ದರು, ರೈಕೊನೆನ್ ಅವರ ಬೆನ್ನಿಗೆ ಅಂಟಿಕೊಂಡಿದ್ದರು. ಫಿಸಿಕೆಲ್ಲಾ ಒಳಬದಿಯನ್ನು ಮುಚ್ಚಿದರು. ರೈಕೊನೆನ್ ಹೊರಬದಿಗೆ ಎಳೆದು, ಮೊದಲ ತಿರುವಿನಲ್ಲಿ ಪಕ್ಕಕ್ಕೆ ಬಂದು, ಸುತ್ತಿಕೊಂಡು ಮುಂದೆ ಹೋದರು. ಹದಿನೇಳನೆಯವರಾಗಿ ಹೊರಟವರು ಗೆದ್ದರು. ಆ ತಿರುವನ್ನು ಇವತ್ತು ನೋಡಿದರೂ ನನ್ನ ಕೈ ತಾನಾಗಿ ಕುರ್ಚಿಯ ಹಿಡಿಯನ್ನು ಬಿಗಿಯುತ್ತದೆ.

ಈಗ 2025ರ ಏಪ್ರಿಲ್‌ಗೆ ಬನ್ನಿ. ಅದೇ ಸುಜುಕಾ, ಅದೇ 53 ಸುತ್ತು. ಶನಿವಾರ ಮ್ಯಾಕ್ಸ್ ವರ್‌ಸ್ಟಾಪನ್ ಅದ್ಭುತವಾದ ಒಂದು ಸುತ್ತು ಓಡಿಸಿ, ಲ್ಯಾಂಡೊ ನಾರಿಸ್ ಅವರನ್ನು ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಭಾಗದಷ್ಟು ಅಂತರದಲ್ಲಿ ಹಿಂದಿಟ್ಟು ಪೋಲ್, ಅಂದರೆ ಮೊದಲ ಸ್ಥಾನದಿಂದ ಹೊರಡುವ ಹಕ್ಕು, ಪಡೆದರು. ಆ ಸುತ್ತಿನ ಬಗ್ಗೆ ನನಗೆ ಬರೀ ಮೆಚ್ಚುಗೆಯಿದೆ. ಆದರೆ ರೇಸ್ ಅಲ್ಲಿಗೇ ಮುಗಿದುಹೋಯಿತು. ಭಾನುವಾರ ಮೊದಲ ಆರು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ವರ್‌ಸ್ಟಾಪನ್, ನಾರಿಸ್, ಆಸ್ಕರ್ ಪಿಯಾಸ್ಟ್ರಿ ಮೂವರೂ ಎರಡು ಚಿಲ್ಲರೆ ಸೆಕೆಂಡಿನೊಳಗೆ ಗೆರೆ ದಾಟಿದರು. ಆ ವರ್ಷದ ಅತ್ಯುತ್ತಮ ಕಾರು ನಾರಿಸ್ ಮತ್ತು ಪಿಯಾಸ್ಟ್ರಿ ಅವರ ಮ್ಯಾಕ್‌ಲಾರೆನ್. ಆದರೂ ಟ್ರ್ಯಾಕ್ ಮೇಲೆ ಒಬ್ಬರಿಗೂ ಒಮ್ಮೆಯೂ ಪಕ್ಕಕ್ಕೆ ಬರಲಾಗಲಿಲ್ಲ. ಟೈರ್ ಬದಲಿಸುವ ಪಿಟ್‌ನಿಂದ ಹೊರಬರುವಾಗ ನಾರಿಸ್ ಹುಲ್ಲಿಗೆ ಇಳಿದದ್ದೊಂದೇ ಕದನವೆನ್ನಬಹುದಾದ ಗಳಿಗೆ.

2005ರಲ್ಲಿ ಮಳೆಯಿಂದಾಗಿ ವೇಗದ ಕಾರುಗಳು ಹಿಂದೆ ಬಿದ್ದವು, ಹೋಲಿಕೆ ನ್ಯಾಯವಲ್ಲ ಎಂದು ಹೇಳುವವರಿದ್ದಾರೆ. ಸರಿ, ಮಳೆಯ ಪಾಲಿತ್ತು. ಆದರೆ ನನ್ನ ಪ್ರಶ್ನೆ ಬೇರೆ. ಹಿಂದೆ ಬಿದ್ದ ವೇಗದ ಕಾರು ಆಗ ತನ್ನ ಬಲದಿಂದಲೇ ಮುಂದೆ ಬರಬಹುದಿತ್ತು. ಈಗ ಒಂದೂವರೆ ಸೆಕೆಂಡ್ ಹಿಂದಿರುವ ವೇಗದ ಕಾರು ಅಲ್ಲೇ ಉಳಿಯುತ್ತದೆ. ಈ ಇಪ್ಪತ್ತು ವರ್ಷಗಳಲ್ಲಿ ಟ್ರ್ಯಾಕ್ ಬದಲಾಗಿಲ್ಲ, ಚಾಲಕರ ಎದೆಗಾರಿಕೆಯೂ ಕುಗ್ಗಿಲ್ಲ. ಬದಲಾದದ್ದು ಕಾರು.

2008ರಲ್ಲಿ ಚಾಲಕರನ್ನೂ ಸೇರಿಸಿ ಕಾರಿನ ಕನಿಷ್ಠ ತೂಕ 605 ಕಿಲೋ. 2025ರಲ್ಲಿ ಅದು 800 ಕಿಲೋ. ರೇಸಿನ ನಡುವೆ ಇಂಧನ ತುಂಬುವುದನ್ನು 2010ರಲ್ಲಿ ನಿಷೇಧಿಸಿದ ಮೇಲೆ ಇಡೀ ರೇಸಿನ ಇಂಧನವನ್ನು ಹೊತ್ತೇ ಹೊರಡಬೇಕು, ಅಂದರೆ ಇನ್ನೂ ನೂರು ಕಿಲೋ ಆಸುಪಾಸು. ಅಗಲ 2017ರಲ್ಲಿ 1.8 ಮೀಟರ್‌ನಿಂದ 2 ಮೀಟರ್‌ಗೆ ಏರಿತು. ಉದ್ದ ಐದೂವರೆ ಮೀಟರ್ ದಾಟಿತು, ನಮ್ಮ ರಸ್ತೆಯ ಇನ್ನೋವಾಗಿಂತ ಮುಕ್ಕಾಲು ಮೀಟರ್ ಹೆಚ್ಚು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3.6 ಮೀಟರ್ ಅಂತರ ಬಿಡಲು ನಿಯಮದಲ್ಲಿ ಅವಕಾಶವಿತ್ತು, ಆ ಅಂತರದೊಳಗೆ ಒಂದು ಇಡೀ ಆಲ್ಟೊ ನಿಲ್ಲುತ್ತದೆ. ಇಂಥ ಎರಡು ಕಾರುಗಳು ಹಳೆಯ ಟ್ರ್ಯಾಕಿನ ಒಂದು ತಿರುವಿನಲ್ಲಿ ಅಕ್ಕಪಕ್ಕ ಹೋಗುವುದಾದರೂ ಹೇಗೆ?

ಸುರಕ್ಷತೆಗಾಗಿ ತೂಕ ಹೆಚ್ಚಿತು ಎಂಬ ಸಮರ್ಥನೆಯನ್ನು ತುಂಬ ಸಲ ಕೇಳಿದ್ದೇನೆ. 1994ರಲ್ಲಿ ಇಮೋಲಾದಲ್ಲಿ ಶನಿವಾರ ರೋಲಂಡ್ ರಾಟ್ಜೆನ್‌ಬರ್ಗರ್, ಭಾನುವಾರ ಐರ್ಟನ್ ಸೆನ್ನಾ ಸತ್ತದ್ದನ್ನು ಮರೆತವನಲ್ಲ ನಾನು. ಯಾರದೋ ಜೀವ ಹೋಗುವುದನ್ನು ನೋಡಲು ರೇಸ್ ನೋಡುವವನೂ ಅಲ್ಲ. 2020ರಲ್ಲಿ ಬಹ್ರೇನ್‌ನಲ್ಲಿ ರೊಮೈನ್ ಗ್ರೋಜಾನ್ ಬೆಂಕಿಯಿಂದ ಎದ್ದು ಬಂದದ್ದು ತಲೆಯ ಸುತ್ತಲಿನ ಹೇಲೊ ಚೌಕಟ್ಟಿನ ಪುಣ್ಯದಿಂದ. ಆದರೆ ಆ ಟೈಟಾನಿಯಂ ಚೌಕಟ್ಟಿನ ತೂಕ ಸುಮಾರು ಏಳು ಕಿಲೋ. ಉಳಿದ ಕಿಲೋಗಳಲ್ಲಿ ದೊಡ್ಡ ಪಾಲು 2014ರಲ್ಲಿ ಬಂದ ಹೈಬ್ರಿಡ್ ಎಂಜಿನ್, ಅದರ ಬ್ಯಾಟರಿ, ಅದನ್ನು ತಣ್ಣಗಿಡುವ ಸರಂಜಾಮು, 2022ರ ದೊಡ್ಡ ಚಕ್ರಗಳು, ಮತ್ತು ಉದ್ದವಾದ ದೇಹ. ತಮ್ಮ ಷೋರೂಮ್ ಕಾರುಗಳ ತಂತ್ರಜ್ಞಾನಕ್ಕೆ ಹೊಂದಲಿ ಎಂದು ಕಾರು ಕಂಪನಿಗಳು ಕೇಳಿದ್ದನ್ನೆಲ್ಲ ಕೊಟ್ಟು, ಆ ಭಾರವನ್ನು ಸುರಕ್ಷತೆಯ ಲೆಕ್ಕಕ್ಕೆ ಬರೆಯುವುದು ಸತ್ತವರಿಗೆ ಮಾಡುವ ಅಪಚಾರ.

ಗಾತ್ರದ ಜೊತೆಗೆ ಗಾಳಿಯ ತೊಂದರೆಯಿದೆ. ಈ ಕಾರುಗಳು ತಿರುವಿನಲ್ಲಿ ನೆಲಕಚ್ಚಿ ನಿಲ್ಲುವುದು ಗಾಳಿಯ ಒತ್ತಡದಿಂದ. ಮುಂದಿನ ಕಾರು ಗಾಳಿಯನ್ನು ಕಲಕಿ ಬಿಟ್ಟರೆ ಹಿಂದಿನ ಕಾರಿಗೆ ಆ ಒತ್ತಡ ಸಿಗುವುದಿಲ್ಲ, ಜಾರುತ್ತದೆ, ಟೈರ್ ಕಾಯುತ್ತದೆ, ಚಾಲಕ ಅನಿವಾರ್ಯವಾಗಿ ಹಿಂದೆ ಸರಿಯುತ್ತಾನೆ. ಹತ್ತು ಮೀಟರ್ ಹಿಂದೆ ಬರುವ ಕಾರು ಈ ಒತ್ತಡದ ಶೇ 46ರಷ್ಟನ್ನು ಕಳೆದುಕೊಳ್ಳುತ್ತದೆ, 2022ರ ಹೊಸ ವಿನ್ಯಾಸದಲ್ಲಿ ಅದು ಶೇ 18ಕ್ಕೆ ಇಳಿಯುತ್ತದೆ ಎಂದು ಫಾರ್ಮುಲಾ ಒನ್ ಆಡಳಿತವೇ ಲೆಕ್ಕ ಕೊಟ್ಟಿತ್ತು. ಆ ವರ್ಷದ ಮೊದಲ ರೇಸಿನಲ್ಲಿ ಶಾರ್ಲ್ ಲೆಕ್ಲೇರ್ ಮತ್ತು ವರ್‌ಸ್ಟಾಪನ್ ಸುತ್ತಿನ ಮೇಲೆ ಸುತ್ತು ಸ್ಥಾನ ಬದಲಿಸಿಕೊಂಡು ಕಾದಾಡಿದಾಗ ಕೊನೆಗೂ ದಾರಿಗೆ ಬಂತು ಎಂದು ಹಿಗ್ಗಿದೆವು. ತಂಡಗಳ ಎಂಜಿನಿಯರುಗಳು ಸುಮ್ಮನಿರಲಿಲ್ಲ. ಗಾಳಿಯನ್ನು ಮತ್ತೆ ಹೊರಕ್ಕೆ ಚಿಮ್ಮಿಸುವ ಉಪಾಯಗಳನ್ನು ಒಂದೊಂದಾಗಿ ಹುಡುಕಿದರು. ಅದು ಅವರ ಕೆಲಸ, ಅವರನ್ನು ದೂರಲಾರೆ. ಆ ದಾರಿಗಳನ್ನು ಮುಚ್ಚಬೇಕಿದ್ದದ್ದು ನಿಯಮ ಬರೆಯುವವರು, ಅವರು ಮುಚ್ಚಲಿಲ್ಲ. 2025ರ ಹೊತ್ತಿಗೆ ಹತ್ತಿರ ಹೋಗಿ ಹಿಂಬಾಲಿಸುವುದೇ ಕಷ್ಟ ಎಂದು ಚಾಲಕರು ಮತ್ತೆ ದೂರತೊಡಗಿದ್ದರು.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ನನಗಿಂತ ಚೆನ್ನಾಗಿ ಅಂಕಿಅಂಶ ಬಲ್ಲ. “ಮಾಮ, ನೀವು ಸುಮ್ನೆ ಹಳೇ ಕಾಲ ಹಳೇ ಕಾಲ ಅಂತೀರ. ಆಗ ಒಂದು ರೇಸಲ್ಲಿ ಎಷ್ಟು ಓವರ್‌ಟೇಕ್ ಆಗ್ತಿತ್ತು, ಈಗ ಎಷ್ಟಾಗತ್ತೆ, ಲೆಕ್ಕ ನೋಡಿ” ಎಂದ. ಸುವರ್ಣಯುಗದ ವಾದಕ್ಕೆ ಇರುವ ಗಟ್ಟಿ ಆಧಾರ ಇದೇ, ಅವನ ಲೆಕ್ಕವೂ ಸುಳ್ಳಲ್ಲ. 2011ರಲ್ಲಿ ಡಿಆರ್‌ಎಸ್ ಬಂದಮೇಲೆ ಓವರ್‌ಟೇಕ್‌ಗಳ ಸಂಖ್ಯೆ ಜಿಗಿಯಿತು. ಆ ಸಂಖ್ಯೆ ಏನನ್ನು ಅಳೆಯುತ್ತದೆ ಎಂಬುದೇ ನನ್ನ ತಕರಾರು.

ಡಿಆರ್‌ಎಸ್ ಕೆಲಸ ಮಾಡುತ್ತಿದ್ದುದು ಹೀಗೆ. ನಿಗದಿ ಮಾಡಿದ ಜಾಗದಲ್ಲಿ ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿದ್ದರೆ, ನೇರದಾರಿಯಲ್ಲಿ ಹಿಂದಿನವರು ಗುಂಡಿ ಒತ್ತಿ ತಮ್ಮ ಹಿಂಬದಿ ರೆಕ್ಕೆಯ ಪಟ್ಟಿಯನ್ನು ತೆರೆಯಬಹುದು. ಗಾಳಿಯ ತಡೆ ಇಳಿದು ವೇಗ ಏರುತ್ತದೆ. ಮುಂದಿನವರು ತಮ್ಮ ಮೇಲೆ ದಾಳಿ ಮಾಡುವವರ ವಿರುದ್ಧ ಅದನ್ನು ಬಳಸುವಂತಿಲ್ಲ. ಹಾಗಾಗಿ ನೇರದಾರಿಯ ಮಧ್ಯದಲ್ಲೇ, ಬ್ರೇಕ್ ಹಾಕುವ ಜಾಗ ಇನ್ನೂ ನೂರಾರು ಮೀಟರ್ ದೂರವಿರುವಾಗಲೇ, ಹಿಂದಿನವರು ಸಲೀಸಾಗಿ ದಾಟಿಹೋಗುತ್ತಿದ್ದರು. ತಡವಾಗಿ ಬ್ರೇಕ್ ಹಾಕುವ ಧೈರ್ಯ ಬೇಕಿರಲಿಲ್ಲ, ಎದುರಾಳಿಯ ಮನಸ್ಸು ಓದುವ ಅಗತ್ಯವಿರಲಿಲ್ಲ. ಗರಡಿಯಲ್ಲಿ ಒಬ್ಬನ ಕೈಯನ್ನು ಹಿಂದಕ್ಕೆ ಕಟ್ಟಿ ಕುಸ್ತಿಗೆ ಬಿಟ್ಟು, ಬಿದ್ದವರ ಸಂಖ್ಯೆ ಏರಿತು, ಕುಸ್ತಿ ಉದ್ಧಾರವಾಯಿತು ಎಂದರೆ ಯಾರು ಒಪ್ಪುತ್ತಾರೆ? ಇಷ್ಟಾಗಿಯೂ ನಾಲ್ಕೈದು ಕಾರುಗಳು ಒಂದರ ಹಿಂದೊಂದು ಸೆಕೆಂಡಿನೊಳಗೆ ಸೇರಿಕೊಂಡರೆ ಎಲ್ಲರ ರೆಕ್ಕೆಯೂ ತೆರೆದು ಯಾರಿಗೂ ಲಾಭವಿಲ್ಲದಂತಾಗುತ್ತಿತ್ತು, ರೈಲಿನ ಬೋಗಿಗಳು ಹೊರಟವು ಎಂದು ಅಭಿಮಾನಿಗಳೇ ಬೈದುಕೊಳ್ಳುತ್ತಿದ್ದರು.

2005ರ ಏಪ್ರಿಲ್‌ನಲ್ಲಿ ಇಮೋಲಾದಲ್ಲಿ ನಡೆದದ್ದನ್ನು ಈ ಲೆಕ್ಕದಲ್ಲಿ ಎಲ್ಲಿಡುತ್ತೀರಿ? ಶುಮಾಕರ್ 13ನೇ ಸ್ಥಾನದಿಂದ ಹೊರಟು ಕೊನೆಯ ಹತ್ತು ಹನ್ನೆರಡು ಸುತ್ತುಗಳಲ್ಲಿ ಅಲೊನ್ಸೊ ಅವರ ಬೆನ್ನಿಗೆ ಬಂದರು. ಶುಮಾಕರ್ ಅವರ ಫೆರಾರಿಗೆ ವೇಗ ಹೆಚ್ಚಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಅಲೊನ್ಸೊ ತಿರುವಿನ ನಡುವೆ ಬೇಕಾದಷ್ಟೇ ನಿಧಾನವಾಗಿ, ಶುಮಾಕರ್ ಅವರ ಓಟದ ಲಯ ಕೆಡಿಸಿ, ಹೊರಬರುವಾಗ ಮೊದಲೇ ಆಕ್ಸಿಲರೇಟರ್ ಒತ್ತಿ, ಪ್ರತಿ ಸುತ್ತಿನಲ್ಲೂ ಬಾಗಿಲು ಹಾಕುತ್ತ ಹೋದರು. ಕೊನೆಯಲ್ಲಿ ಅಂತರ ಸೆಕೆಂಡಿನ ಐದನೇ ಒಂದು ಭಾಗ. ಆ ಹತ್ತು ಹನ್ನೆರಡು ಸುತ್ತುಗಳಲ್ಲಿ ಅವರಿಬ್ಬರ ನಡುವಿನ ಓವರ್‌ಟೇಕ್ ಸಂಖ್ಯೆ ಸೊನ್ನೆ. ಅಕ್ಕನ ಮಗನಿಗೆ ಅದನ್ನು ತೋರಿಸಿದೆ. ಮುಗಿಯುವ ತನಕ ಅವನು ಫೋನ್ ಮುಟ್ಟಲಿಲ್ಲ. ದಾಟಲು ಒಬ್ಬರು ಪೂರ್ತಿ ಬಲ ಹಾಕಿ ಯತ್ನಿಸಬೇಕು, ದಾಟಗೊಡದಿರಲು ಇನ್ನೊಬ್ಬರು ಅಷ್ಟೇ ಬಲದಿಂದ ತಡೆಯಬೇಕು, ಇಬ್ಬರಿಗೂ ಗೆಲ್ಲುವ ಅವಕಾಶ ಇರಬೇಕು. ರೇಸ್ ಎಂದರೆ ನನಗೆ ಇಷ್ಟೇ. ಓವರ್‌ಟೇಕ್ ಅದರ ಫಲಗಳಲ್ಲಿ ಒಂದು. ಫಲವನ್ನು ಮಾತ್ರ ಎಣಿಸಿ, ಅದನ್ನು ಯಂತ್ರದಿಂದ ಹೆಚ್ಚಿಸಿ, ರಕ್ಷಣೆಯ ಕಲೆಯನ್ನು ಹದಿನೈದು ವರ್ಷ ಮೂಲೆಗೆ ತಳ್ಳಿದರು.

ನಗರದ ಇಕ್ಕಟ್ಟು ಬೀದಿಗಳಲ್ಲಿ ನಡೆಯುವ ಮೊನಾಕೊ ರೇಸಿನ ವಿಷಯಕ್ಕೆ ಬಂದರೆ ಸಂಕಟವೇ ಆಗುತ್ತದೆ. 2024ರಲ್ಲಿ ಅಲ್ಲಿ ಮೊದಲ ಸುತ್ತಿನಲ್ಲೇ ಅಪಘಾತವಾಗಿ ಕೆಂಪು ಬಾವುಟ ಬಂತು, ಆ ಬಿಡುವಿನಲ್ಲಿ ಎಲ್ಲರೂ ಟೈರ್ ಬದಲಿಸಿಕೊಂಡರು. ಆಮೇಲೆ ಯಾರೂ ಪಿಟ್‌ಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಟೈರ್ ಕೊನೆಯವರೆಗೆ ಬಾಳಲಿ ಎಂದು ಮುಂದಿನವರು ತಮ್ಮ ವೇಗಕ್ಕಿಂತ ಎಷ್ಟೋ ಸೆಕೆಂಡ್ ನಿಧಾನವಾಗಿ ಓಡಿಸಿದರು, ದಾಟಲಾಗದ ಹಿಂದಿನವರು ಅಷ್ಟೇ ನಿಧಾನವಾಗಿ ಹಿಂಬಾಲಿಸಿದರು. ಮೊದಲ ಹತ್ತು ಸ್ಥಾನದವರು ಹೊರಟ ಕ್ರಮದಲ್ಲೇ ಮುಗಿಸಿದರು. ಫಾರ್ಮುಲಾ ಒನ್ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು. ವರ್‌ಸ್ಟಾಪನ್ ರೇಸಿನ ನಡುವೆಯೇ ರೇಡಿಯೊದಲ್ಲಿ, ತುಂಬ ಬೇಸರವಾಗುತ್ತಿದೆ, ದಿಂಬು ತರಬೇಕಿತ್ತು ಎಂದರು. ಸ್ಟೀರಿಂಗ್ ಹಿಡಿದ ವಿಶ್ವ ಚಾಂಪಿಯನ್‌ಗೇ ಬೇಸರವಾದರೆ, ನೋಡುವವರಿಗೆ ಬೇಸರವಾಗಲು ವಯಸ್ಸೇ ಕಾರಣವೆಂದು ಹೇಗೆ ಹೇಳುತ್ತೀರಿ?

ಮರುವರ್ಷ ಸಂಘಟಕರು ಪರಿಹಾರ ಕಂಡುಕೊಂಡರು: ಮೊನಾಕೊದಲ್ಲಿ ಎರಡು ಪಿಟ್ ಸ್ಟಾಪ್ ಕಡ್ಡಾಯ. ಆಗಿದ್ದೇನು? ರೇಸಿಂಗ್ ಬುಲ್ಸ್ ತಂಡದ ಲಿಯಾಮ್ ಲಾಸನ್ ಬೇಕೆಂದೇ ನಿಧಾನ ಮಾಡಿ ಹಿಂದಿನ ಸಾಲನ್ನೆಲ್ಲ ತಡೆಹಿಡಿದರು, ಮುಂದಿದ್ದ ಜೊತೆಗಾರ ಐಸಾಕ್ ಹಜಾರ್ ನಿರಾಳವಾಗಿ ಪಿಟ್‌ಗೆ ಹೋಗಿ ಬಂದರು. ವಿಲಿಯಮ್ಸ್ ತಂಡದ ಕಾರ್ಲೋಸ್ ಸೈನ್ಸ್ ಮತ್ತು ಅಲೆಕ್ಸ್ ಆಲ್ಬನ್ ಸರದಿಯ ಮೇಲೆ ಅದನ್ನೇ ಮಾಡಿದರು. ಹಿಂದೆ ಸಿಕ್ಕಿಬಿದ್ದ ಜಾರ್ಜ್ ರಸೆಲ್ ತಾಳ್ಮೆಗೆಟ್ಟು, ದಂಡ ಬೀಳುತ್ತದೆಂದು ಗೊತ್ತಿದ್ದೂ, ತಿರುವನ್ನು ಬಿಟ್ಟು ಅಡ್ಡದಾರಿಯಲ್ಲಿ ಹಾದು ಆಲ್ಬನ್ ಅವರನ್ನು ದಾಟಿದರು. ಜಗತ್ತಿನ ಅತಿ ವೇಗದ ಕಾರುಗಳ ಚಾಲಕರು ಎಷ್ಟು ನಿಧಾನವಾಗಿ ಹೋಗಬಹುದು ಎಂಬುದರಲ್ಲಿ ಪೈಪೋಟಿಗಿಳಿದರು. ಕಾರಿನ ಗಾತ್ರವನ್ನು ಮುಟ್ಟದೆ ನಿಯಮದ ತೇಪೆ ಹಾಕಿದರೆ ಇದೇ ಆಗುವುದು. ಬ್ರಾಡ್ ಪಿಟ್ ಸಿನಿಮಾದಲ್ಲೂ ನಾಯಕನ ತಂಡ ಮುಂದೆ ಬರಲು ಅವನು ಬೇಕೆಂದೇ ಢಿಕ್ಕಿ ಹೊಡೆಸಿ, ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬರಿಸಬೇಕಾಗುತ್ತದೆ. ನೇರ ಪೈಪೋಟಿಯಲ್ಲಿ ಮೇಲೆ ಬರಬಹುದೆಂದು ಕಥೆ ಬರೆದವರಿಗೂ ನಂಬಿಕೆ ಬರಲಿಲ್ಲ.

ಹಿಂದೆಯೂ ನೀರಸ ರೇಸ್‌ಗಳು ಇರಲಿಲ್ಲವೇ ಎನ್ನುತ್ತಾರೆ. ಇದ್ದವು. 1988ರಲ್ಲಿ ಮ್ಯಾಕ್‌ಲಾರೆನ್ 16ರಲ್ಲಿ 15 ರೇಸ್ ಗೆದ್ದಿತು, 2004ರಲ್ಲಿ ಶುಮಾಕರ್ ಒಬ್ಬರೇ 18ರಲ್ಲಿ 13 ಗೆದ್ದರು. ಆದರೆ 1988ರಲ್ಲಿ ಒಂದೇ ತಂಡದೊಳಗೆ ಸೆನ್ನಾ ಮತ್ತು ಅಲೆನ್ ಪ್ರಾಸ್ಟ್ ಪರಸ್ಪರ ಪೈಪೋಟಿಗಿದ್ದರು, 2023ರಲ್ಲಿ ರೆಡ್‌ಬುಲ್ 22ರಲ್ಲಿ 21 ಗೆದ್ದಾಗ ಅದರಲ್ಲಿ 19 ವರ್‌ಸ್ಟಾಪನ್ ಅವರವು. ಮತ್ತೊಂದು ವ್ಯತ್ಯಾಸ ದೊಡ್ಡದು. ಆಗ ಯಂತ್ರ ಯಾವ ಗಳಿಗೆಯಲ್ಲೂ ಕೈಕೊಡಬಹುದಿತ್ತು. 2001ರ ಸ್ಪೇನ್ ರೇಸಿನ ಕೊನೆಯ ಸುತ್ತಿನಲ್ಲಿ ಆರಾಮವಾಗಿ ಮುಂದಿದ್ದ ಮಿಕಾ ಹಾಕಿನೆನ್ ಕಾರು ನಿಂತುಹೋಯಿತು, ಗೆಲುವು ಶುಮಾಕರ್ ಪಾಲಾಯಿತು. ಮುನ್ನಡೆ ಎಷ್ಟೇ ಇರಲಿ, ನೋಡುವವರು ಕೊನೆಯ ಗೆರೆಯವರೆಗೆ ಉಸಿರು ಬಿಗಿಹಿಡಿಯಬೇಕಿತ್ತು. ಈಗ ಒಂದು ಇಡೀ ಋತುವಿಗೆ ಕೆಲವೇ ಎಂಜಿನ್ ಎಂಬ ಮಿತಿ. ಅವನ್ನು ಕಾಪಾಡಿಕೊಂಡು ಓಡಿಸುತ್ತಾರೆ, ಕೆಡುವುದು ಅಪರೂಪ.

ಚಿಕ್ಕ ತಂಡಗಳ ಕಥೆಯೂ ಹಾಗೇ, ಆಗ ಅವೂ ಅಚ್ಚರಿ ಹುಟ್ಟಿಸಬಹುದಿತ್ತು. 2009ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ, ಅದುವರೆಗೆ ಒಂದೇ ಒಂದು ಅಂಕ ಗಳಿಸದ ತಂಡ, ಬೆಲ್ಜಿಯಂನ ಸ್ಪಾದಲ್ಲಿ ಪೋಲ್ ಪಡೆಯಿತು. ಓಡಿಸಿದವರು ಸುಜುಕಾದಲ್ಲಿ ಸೋತಿದ್ದ ಅದೇ ಫಿಸಿಕೆಲ್ಲಾ. ಮರುದಿನ ಅದೇ ರೈಕೊನೆನ್‌ಗೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋತು ಎರಡನೆಯವರಾದರು. ಆ ಸಂಜೆ ನಮ್ಮ ಮನೆಯಲ್ಲಿ ಸೇರಿದ್ದ ಗೆಳೆಯರ ಕೂಗಾಟಕ್ಕೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದ್ದರು.

2024ರಲ್ಲಿ ಏಳು ಚಾಲಕರು ತಲಾ ಎರಡಾದರೂ ರೇಸ್ ಗೆದ್ದರು, 2025ರ ಪ್ರಶಸ್ತಿ ಎರಡೇ ಅಂಕಗಳಲ್ಲಿ ತೀರ್ಮಾನವಾಯಿತು, ಇನ್ನೇನು ಬೇಕು ಎಂದು ಕೇಳಿದರೆ ನನ್ನ ಉತ್ತರ ಇದು. ಅಂಕಪಟ್ಟಿಯ ರೋಚಕತೆ ಅಂಕಪಟ್ಟಿಯದು, ಅದನ್ನು ಸೋಮವಾರದ ಪತ್ರಿಕೆಯಲ್ಲಿ ಓದಿದರೆ ಸಾಕು. ಭಾನುವಾರ ಒಂದೂವರೆ ಗಂಟೆ ಪರದೆಯ ಮುಂದೆ ಕೂರಿಸುವುದು ಟ್ರ್ಯಾಕ್ ಮೇಲಿನ ಕದನ ಮಾತ್ರ.

ಸರಳ ಪರಿಹಾರಗಳು ಕೆಲಸ ಮಾಡುತ್ತವೆ ಎಂಬುದಕ್ಕೆ ಆಸ್ಟ್ರಿಯಾ ಸಾಕ್ಷಿ. 2023ರಲ್ಲಿ ಅಲ್ಲಿ ಚಾಲಕರು ಬಿಳಿ ಗೆರೆ ದಾಟಿದರೆನ್ನಲಾದ 1,200ಕ್ಕೂ ಹೆಚ್ಚು ಪ್ರಕರಣಗಳು ಪರಿಶೀಲನೆಗೆ ಬಂದವು. ರೇಸ್ ಮುಗಿದು ಗಂಟೆಗಳಾದ ಮೇಲೆ ಎಂಟು ಚಾಲಕರಿಗೆ ದಂಡ ಬಿತ್ತು, ಫಲಿತಾಂಶ ಬದಲಾಯಿತು. ಮರುವರ್ಷ ಕೊನೆಯ ತಿರುವುಗಳ ಅಂಚಿಗೆ ಜಲ್ಲಿಯ ಪಟ್ಟಿ ಹಾಕಿದರು. ಹೊರಗೆ ಹೋದರೆ ಸಮಯ ಹಾಳಾಗುತ್ತದೆ ಎಂದು ಗೊತ್ತಾದ ಕೂಡಲೆ ಚಾಲಕರು ಒಳಗೇ ಉಳಿದರು. ಕ್ಯಾಮೆರಾ, ಕಂಪ್ಯೂಟರ್, ತೀರ್ಪುಗಾರರಿಂದ ಆಗದ್ದು ಒಂದಿಷ್ಟು ಜಲ್ಲಿಯಿಂದ ಆಯಿತು. ಬೈಕ್ ರೇಸ್ ನಡೆಸುವ ಮೋಟೊಜಿಪಿಯವರೂ 2027ರಿಂದ ಬೈಕಿನ ಎತ್ತರ ತಗ್ಗಿಸುವ ಸಾಧನಗಳನ್ನು ನಿಷೇಧಿಸಿ, ಎಂಜಿನ್ನನ್ನು 1000 ಸಿಸಿಯಿಂದ 850ಕ್ಕೆ ಇಳಿಸಲು ನಿರ್ಧರಿಸಿದ್ದಾರೆ. ಮನಸ್ಸಿದ್ದರೆ ತೆಗೆದುಹಾಕಬಹುದು.

ಫಾರ್ಮುಲಾ ಒನ್ ಮಾತ್ರ ಸೇರಿಸುತ್ತಲೇ ಹೋಗುತ್ತದೆ. ಶನಿವಾರಕ್ಕೊಂದು ಚಿಕ್ಕ ಸ್ಪ್ರಿಂಟ್ ರೇಸ್, ಗೋಡೆಗಳ ನಡುವೆ ಇನ್ನೊಂದು ನಗರದ ರಸ್ತೆ. ತೆಗೆದದ್ದು ಒಳ್ಳೆಯದನ್ನೇ: ಹೊಸ ಒಪ್ಪಂದದ ಪ್ರಕಾರ 2028 ಮತ್ತು 2030ರಲ್ಲಿ ಸ್ಪಾದಲ್ಲಿ ರೇಸ್ ಇಲ್ಲ. ಸ್ಪಾ ಬಿಟ್ಟು ಲಾಸ್ ವೇಗಸ್ ಉಳಿಸಿಕೊಳ್ಳುವ ಪಟ್ಟಿಯನ್ನು ರೇಸ್ ಪ್ರೀತಿಸುವವರು ಮಾಡಿರಲಾರರು. ಹೊಸದಾಗಿ ಬಂದ ಅಭಿಮಾನಿಗಳ ಮೇಲೆ ನನಗೆ ಕಿಂಚಿತ್ತೂ ಮುನಿಸಿಲ್ಲ, ಬರಲಿ, ಇನ್ನೂ ಬರಲಿ. ಅವರಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಬೇಕಿತ್ತು ಎಂಬುದೇ ನನ್ನ ಸಿಟ್ಟು.

2026ರ ನಿಯಮಗಳಲ್ಲಿ ತಪ್ಪೊಪ್ಪಿಗೆ ಅಡಗಿದೆ. ಕಾರನ್ನು ಹತ್ತು ಸೆಂಟಿಮೀಟರ್ ಕಿರಿದಾಗಿಸಿದ್ದಾರೆ, ಚಕ್ರಗಳ ಅಂತರವನ್ನು ಇಪ್ಪತ್ತು ಸೆಂಟಿಮೀಟರ್ ತಗ್ಗಿಸಿದ್ದಾರೆ, ಕನಿಷ್ಠ ತೂಕ 768 ಕಿಲೋಗೆ ಇಳಿದಿದೆ. ಕಾರು ವಿಪರೀತ ಬೆಳೆದಿತ್ತು ಎಂದು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಕಾಗದದ ಮೇಲೆ ಒಪ್ಪಿಕೊಂಡಂತಾಯಿತು. ಆದರೆ ಏರಿಸಿದ್ದು ಇನ್ನೂರು ಕಿಲೋ ಸಮೀಪ, ಇಳಿಸಿದ್ದು ಮೂವತ್ತೆರಡು. ಡಿಆರ್‌ಎಸ್ ಹೋಯಿತು, ಅದರ ಜಾಗಕ್ಕೆ ಒಂದು ಸೆಕೆಂಡಿನೊಳಗೆ ಹಿಂದಿರುವವರಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ ಕೊಡುವ ವ್ಯವಸ್ಥೆ ಬಂತು. ಒಟ್ಟು ಶಕ್ತಿಯ ಅರ್ಧದಷ್ಟು ಬ್ಯಾಟರಿಯಿಂದ ಬರುವುದರಿಂದ, ಟೈರ್ ಉಳಿಸುವ ಲೆಕ್ಕದ ಜೊತೆಗೆ ಚಾಲಕರಿಗೆ ಬ್ಯಾಟರಿ ಉಳಿಸುವ ಲೆಕ್ಕವೂ ಸೇರಿಕೊಂಡಿದೆ. ಬೇಕಾದದ್ದು ಆರುನೂರು ಕಿಲೋ ಸುಮಾರಿನ, 1.8 ಮೀಟರ್ ಅಗಲದ, ರೆಕ್ಕೆ ಕಡಿಮೆಯಿರುವ ಕಾರು, ಕೊನೆಯವರೆಗೆ ಒತ್ತಿ ಓಡಿಸಲು ಬರುವ ಟೈರ್, ತಿರುವಿನ ಅಂಚಿಗೆ ಜಲ್ಲಿ. ಇಂಥ ಕಾರನ್ನು ಮನುಷ್ಯರು ಹಿಂದೆ ಕಟ್ಟಿದ್ದಾರೆ, ಓಡಿಸಿದ್ದಾರೆ.

ನಾನು ಈ ವರ್ಷ ರೇಸ್ ಪ್ರಸಾರದ ಚಂದಾ ಕಟ್ಟಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ರ‍್ಯಾಲಿ ನಡೆದರೆ ಅಲ್ಲಿ ಹೋಗಿ ನಿಲ್ಲುತ್ತೇನೆ. ಇನ್ನೂ ನೋಡುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ರೇಸ್ ನೋಡುತ್ತ ಮಂಪರು ಹತ್ತಿದರೆ, ನಿಮಗೆ ಅರ್ಥವಾಗಲಿಲ್ಲವೇನೋ ಎಂದು ನಿಮ್ಮನ್ನೇ ಅನುಮಾನಿಸಬೇಡಿ. ಬೇಸರವಾಯಿತು ಎಂದು ಗಟ್ಟಿಯಾಗಿ ಹೇಳಿ. ನೀವು ಚಪ್ಪಾಳೆ ತಟ್ಟುತ್ತಿರುವವರೆಗೂ ನಿಯಮ ಬರೆಯುವವರು ಏನನ್ನೂ ಬದಲಿಸುವುದಿಲ್ಲ.